ಸಂಜೆ ಕೆರೆಗೆ ಗಾಳ ಹಾಕುವವರಿಗೆ

ಬಿಸಿಲಿನ ತಾಪ ತಗ್ಗಿ ಕೀಟಗಳು ನೀರಿನ ಮೇಲಿಳಿಯತೊಡಗುವ ಸಾಯಂಕಾಲದಲ್ಲಿ, ನಮ್ಮ ಬಯಲುಸೀಮೆಯ ಕೆರೆಗಳ ಪಕ್ಕೆ, ಜಿಲೇಬಿ ಮೊದಲಾದ ಸಣ್ಣ ಮೀನುಗಳು ಆಹಾರಾನ್ವೇಷಣೆಗಾಗಿ ಜೊಂಡಿನಂಚಿಗೆ ಬರುವುದರಿಂದ, ದೂರಕ್ಕೆ ದಾರ ಬೀಸುವ ಸಾಹಸವನ್ನು ಬಿಟ್ಟು, ನಿಮ್ಮ ನೆರಳು ನೀರಿಗೆ ಬೀಳದಂತೆ ಕುಳಿತು, ದಡದ ಸಮೀಪದಲ್ಲಿಯೇ ಗಾಳವನ್ನಿಳಿಸುವುದು ಲೇಸು. ಇವುಗಳ ಬಾಯಿ ಕಿರಿದು. ಆದಕಾರಣ ಸಣ್ಣ ಗಾಳವೂ, ಅದರ ಮೊನೆಯನ್ನು ಮರೆಮಾಡುವಷ್ಟು ಎರೆಹುಳುವಿನ ತುಣುಕೂ ಸಾಕು. ಬೆಂಡು ಕುಣಿದೊಡನೆ ಸೆಳೆಯಬೇಡಿ. ಅದು ಓರೆಯಾಗಿ ಸರಿಯುವವರೆಗೆ ತಾಳಿರಿ.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಮಳೆಗಾಲದಲ್ಲಿ ಕೆಂಬಣ್ಣದ ಮರಿಗಳ ಹಿಂಡೊಂದು ನೀರಿನ ಮೇಲ್ಭಾಗದಲ್ಲಿ ಕದಲುವುದು ಕಂಡರೆ, ಅದರ ಕೆಳಗೆ ಕೊರವ ಮೀನಿನ ತಾಯಿತಂದೆಗಳು ಕಾವಲಿದ್ದು, ಸಮೀಪಿಸಿದುದರ ಮೇಲೆ ಎರಗುವುವಾದ್ದರಿಂದ, ಅವುಗಳನ್ನು ಹಿಡಿಯುವುದು ಅತಿಸುಲಭ. ಆದರೆ ರಕ್ಷಕರನ್ನು ಕಳೆದುಕೊಂಡ ಆ ಸಂತಾನವು ಇತರ ಮೀನುಗಳಿಗೆ ಆಹಾರವಾಗಿ ಹೋಗುವುದೆಂಬುದನ್ನು ನೆನೆದಾಗ, ಆ ಸೌಲಭ್ಯವನ್ನು ಬಳಸಿಕೊಳ್ಳುವ ಮನಸ್ಸು ಯಾವ ಸಹೃದಯನಿಗೂ ಬಾರದು. ಗಾಳವನ್ನು ಅತ್ತ ಹಾಕದೆ ಮುಂದೆ ಸಾಗಿರಿ. ತೀರ ಎಳೆಯ ಮೀನು ಸಿಕ್ಕರೆ, ಅದರ ಮೈಮೇಲಿನ ಲೋಳೆ ಅಳಿಯದಂತೆ ಕೈಯನ್ನು ಮೊದಲು ನೀರಿನಲ್ಲಿ ಅದ್ದಿ, ಬಿಡಿಸಿ, ಮೆಲ್ಲನೆ ಕೆರೆಗೆ ಬಿಡಿರಿ.

ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುವುದುಂಟು. ಗುತ್ತಿಗೆದಾರರನ್ನು ಕೇಳಿಯೇ ಕೂರಿರಿ. ಕತ್ತಲಾದ ಮೇಲೆ ಗಾಳಕ್ಕೆ ಚೇಳು ಮೀನು ಬೀಳಬಹುದು. ಅದರ ಎದೆಯ ಇಕ್ಕೆಲದ ಮುಳ್ಳುಗಳು ವಿಷಯುಕ್ತವಾದುದರಿಂದ, ದೀಪದ ಬೆಳಕಿನಲ್ಲಿ ನೋಡದೆ ಯಾವ ಮೀನಿಗೂ ಕೈಹಾಕಬೇಡಿ.