ಎಷ್ಟು ತೊಳೆದರೂ ಹೋಗದ ಅನುಮಾನ – ಗೀಳು ಕಾಯಿಲೆಯನ್ನು ತಿಳಿಯೋಣ



ವಿದುರಾಶ್ವತ್ಥದ ಸುತ್ತಮುತ್ತ ನೀರಿನ ಕಷ್ಟ ಎಂಥದ್ದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಟ್ಯಾಂಕರ್ ಯಾವಾಗ ಬರುತ್ತೋ ಎಂದು ಬಿಂದಿಗೆ ಸಾಲಿಟ್ಟು ಕಾಯುವವರು ನೀವು. ಅಂಥ ದಿನದಲ್ಲಿ ಮನೆಯ ಸೊಸೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಒಂದು ಡ್ರಮ್ ನೀರನ್ನು ಬರೀ ಕೈ ತೊಳೆಯುವುದಕ್ಕೇ ಖರ್ಚು ಮಾಡಿದರೆ ಜಗಳ ಆಗದೆ ಇರುತ್ತದೆಯೇ? ನಮ್ಮ ಒಂದು ಸಂಘದ ಸದಸ್ಯೆಯ ಮನೆಯಲ್ಲಿ ಹೀಗೇ ಆಯಿತು. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.)

ಆಕೆ ಹಾಲು ಕರೆದು ಬಂದರೆ ಕೈ ತೊಳೆಯುತ್ತಿದ್ದಳು, ಅದು ಸರಿ. ಆಮೇಲೆ ನಲ್ಲಿ ಮುಟ್ಟಿದೆನಲ್ಲಾ ಅಂತ ಮತ್ತೆ ತೊಳೆಯುವಳು. ಸರಿಯಾಗಿ ತೊಳೆದೆನೋ ಇಲ್ಲವೋ ಅಂತ ಇನ್ನೊಂದು ಸಲ. ಬಟ್ಟೆ ಸೋಪಿಗೆ ಅಂಗೈ ಬಿರಿದು ರಕ್ತ ಬರುತ್ತಿತ್ತು. ಉಳಿತಾಯದ ನೋಟು ಮುಟ್ಟಿದರೆ ಸ್ನಾನ ಮಾಡಬೇಕಲ್ಲ ಅಂತ ವಾರದ ಸಭೆಗೆ ಬರುವುದನ್ನೂ ಬಿಟ್ಟಳು. ಗಂಡ "ಸೊಕ್ಕು" ಅಂದ. ಪಕ್ಕದ ಮನೆಯವರು "ಪಿಚ್ಚಿ ಹಿಡಿದಿದೆ" ಅಂದರು. ಅತ್ತೆ ನಾಗದೋಷ ಅಂತ ಸಂಘದಿಂದಲೇ ಸಾಲ ತೆಗೆಸಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದರು. ಸಮಾಜಕಾರ್ಯದಲ್ಲಿ ಎಂ.ಎ. ಓದಿದ ನಾನಾದರೂ ಏನು ಮಾಡಿದೆ? ಹೋದಾಗಲೆಲ್ಲ "ಏನೂ ಆಗಲ್ಲಮ್ಮ, ಮನಸ್ಸು ಗಟ್ಟಿ ಮಾಡ್ಕೋ" ಎಂದು ಸಮಾಧಾನ ಹೇಳಿ ಬರುತ್ತಿದ್ದೆ. ಹೀಗೆ ಎರಡು ವರ್ಷ ಹೋಯಿತು. ನಾನು ಹೇಳಿದ ಸಮಾಧಾನವೂ ಆ ಕಾಯಿಲೆಗೆ ಗೊಬ್ಬರವಾಗಿತ್ತು ಎಂದು ಆಮೇಲೆ ತಿಳಿಯಿತು.

ಇದು ಯಾವ ಕಾಯಿಲೆ?

ಇದರ ಹೆಸರು ಗೀಳು ಕಾಯಿಲೆ. ವೈದ್ಯರು ಓ.ಸಿ.ಡಿ. ಎನ್ನುತ್ತಾರೆ. ಇದರಲ್ಲಿ ಎರಡು ಭಾಗ. ಒಂದು, ಬೇಡ ಬೇಡ ಎಂದರೂ ಮನಸ್ಸಿಗೆ ನುಗ್ಗುವ ಯೋಚನೆ: ಕೊಳೆ ಅಂಟಿದೆ, ಗ್ಯಾಸ್ ಆಫ್ ಮಾಡಿಲ್ಲ, ದೇವರ ಮುಂದೆ ಕೆಟ್ಟ ಮಾತು ಬಾಯಿಗೆ ಬಂದುಬಿಡುತ್ತದೆ, ಹೀಗೆ. ಎರಡನೆಯದು, ಆ ದಿಗಿಲು ಇಳಿಯಲೆಂದು ಮಾಡುವ ಕೆಲಸ: ತೊಳೆಯುವುದು, ಮತ್ತೆ ಮತ್ತೆ ನೋಡುವುದು, ಎಣಿಸುವುದು, ಮನೆಯವರನ್ನು ಕೇಳಿದ್ದೇ ಕೇಳುವುದು. ಇದು ಅತಿಯಾಯಿತು ಎಂದು ಹೆಚ್ಚಿನವರಿಗೆ ಸ್ವತಃ ಗೊತ್ತಿರುತ್ತದೆ. ಆದರೂ ಬಿಡಲು ಆಗುವುದಿಲ್ಲ. ಅವರ ಸಂಕಟ ಇರುವುದೇ ಅಲ್ಲಿ.

ಮೀಟರ್ ಬಡ್ಡಿಯವನು ನಿಮಗೆ ಗೊತ್ತು. ಇವತ್ತಿನ ಬಡ್ಡಿ ಕೈಗೆ ಹಾಕಿದರೆ ಬಾಗಿಲಿನಿಂದ ಹೋಗುತ್ತಾನೆ, ನಮಗೂ ಉಸಿರು ಬರುತ್ತದೆ. ಅಸಲು ಮಾತ್ರ ಹಾಗೇ ನಿಂತಿರುತ್ತದೆ, ನಾಳೆ ಮತ್ತೆ ಬರುತ್ತಾನೆ. ಗೀಳೂ ಹಾಗೆಯೇ. ಒಂದು ಸಲ ತೊಳೆದರೆ ಐದು ನಿಮಿಷ ಹಗುರ, ಆಮೇಲೆ ಅನುಮಾನ ಇನ್ನಷ್ಟು ಜೋರಾಗಿ ಬರುತ್ತದೆ.

ಹಾಗಂತ ಶುಚಿಯಾಗಿರುವವರಿಗೆಲ್ಲ ಕಾಯಿಲೆ ಇದೆ ಅಂತಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗೆ ಕೈಕಾಲು ತೊಳೆಯದೆ ಯಾರನ್ನೂ ಬಿಡುವುದಿಲ್ಲ. ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಹುಳಕ್ಕೆ ರೋಗ ಬರಬಾರದಲ್ಲ, ಅದಕ್ಕೆ. ಕೆಲಸ ಮುಗಿದ ಮೇಲೆ ಅದರ ಯೋಚನೆಯೂ ಮುಗಿಯುತ್ತದೆ. ಅಶ್ವತ್ಥಕಟ್ಟೆಗೆ ಹರಕೆ ಹೊತ್ತು 21 ಸುತ್ತು ಬರುವವರದ್ದು ಭಕ್ತಿ. ಆದರೆ ಹದಿನೆಂಟನೆಯ ಸುತ್ತಿನಲ್ಲಿ ಎಣಿಕೆ ತಪ್ಪಿತೇನೋ ಅಂತ ಮೊದಲಿನಿಂದ ಶುರು, ಮತ್ತೆ ತಪ್ಪಿತೇನೋ ಅಂತ ಇನ್ನೊಮ್ಮೆ ಶುರು, ಕತ್ತಲಾದರೂ ಮನೆಗೆ ಬರಲು ಆಗದು ಎಂದರೆ ಅದನ್ನು ಭಕ್ತಿ ಎಂದು ಸುಮ್ಮನಿರಬಾರದು. ನಮ್ಮಲ್ಲೂ ಇದು ಹೊಸದಲ್ಲ. ಸಂತ ಇಗ್ನಾಸಿಯವರು 1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿದ್ದಾಗ, ನಿವೇದಿಸಿದ ಪಾಪವನ್ನೇ ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ನಿವೇದಿಸುತ್ತಾ ಬಹಳ ನರಳಿದರು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಅಥವಾ ಮನೆಗೆಲಸ, ಕೂಲಿ, ಊಟ, ನಿದ್ದೆ ಕೆಡುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಬಾಣಂತಿಯರ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೆರಿಗೆಯಾದ ಮೇಲೆ ಕೆಲವರಿಗೆ "ಈ ಈಳಿಗೆಯಿಂದ ನನ್ನ ಮಗುವಿಗೇ ಏನಾದರೂ ಮಾಡಿಬಿಟ್ಟರೆ?" ಎಂಬ ಭಯಂಕರ ಯೋಚನೆ ನುಗ್ಗುತ್ತದೆ. ತಾಯಿ ಹೆದರಿ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಡುತ್ತಾಳೆ, ತಾನು ರಾಕ್ಷಸಿ ಎಂದುಕೊಳ್ಳುತ್ತಾಳೆ. ಅದು ಆಕೆಯ ಆಸೆಯಲ್ಲ. ಆಸೆಯಲ್ಲವಾದ್ದರಿಂದಲೇ ಅಷ್ಟು ಹೆದರಿಕೆ. ಅವಳನ್ನು ಬೈಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆದರೆ ಬಾಣಂತಿ ಇಲ್ಲದ ಧ್ವನಿ ಕೇಳಿಸುತ್ತಿದೆ ಎಂದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ಏನೇನೋ ಮಾತಾಡುತ್ತಿದ್ದರೆ ಅದು ಬೇರೆ ಕಾಯಿಲೆ. ತಾಯಿ ಮಗುವನ್ನು ಇಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ನೆಂಟರಂಥ ಕಾಯಿಲೆಗಳೂ ಇವೆ. ಕೂದಲನ್ನು ಒಂದೊಂದಾಗಿ ಕಿತ್ತು ತಲೆ ಬೋಳಾಗುವುದು, ಚರ್ಮ ಕೆರೆದು ಕೆರೆದು ಗಾಯ ಮಾಡಿಕೊಳ್ಳುವುದು, ಹಳೆ ಡಬ್ಬ ಚಿಂದಿಯನ್ನೂ ಬಿಸಾಡಲಾಗದೆ ಮನೆ ತುಂಬಿಸುವುದು, ನನ್ನ ಮೂಗು ಸೊಟ್ಟ ಎಂದು ದಿನವಿಡೀ ಕನ್ನಡಿ ನೋಡುವುದು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಾದ ರೋಗಪಟ್ಟಿಯಲ್ಲಿ ಇವೆಲ್ಲ ಗೀಳಿನ ಜೊತೆ ಒಂದೇ ಗುಂಪಿನಲ್ಲಿವೆ.

ಯಾಕೆ ಬರುತ್ತದೆ?

ಒಂದೇ ಕಾರಣ ಹೇಳಲಾಗದು. ಮೆದುಳಿನ ಮುಂಭಾಗ ಮತ್ತು ಒಳಭಾಗದ ನಡುವೆ ಸಂದೇಶ ಓಡಾಡುವ ಸುತ್ತು ಒಂದಿದೆ. "ಆಯ್ತು, ಸಾಕು" ಎಂಬ ಸಂದೇಶ ಅಲ್ಲಿ ಸರಿಯಾಗಿ ಮುಟ್ಟುವುದಿಲ್ಲ. ಸಿರೊಟೋನಿನ್ ಎಂಬ ರಾಸಾಯನಿಕಕ್ಕೂ ಇದರಲ್ಲಿ ಪಾತ್ರವಿದೆ. ಸ್ವಲ್ಪ ಮಟ್ಟಿಗೆ ವಂಶದಲ್ಲಿ ಬರುತ್ತದೆ. ಹೆರಿಗೆ, ಸಾವು, ಸಾಲದ ಒತ್ತಡದಲ್ಲಿ ಹೆಚ್ಚಾಗಬಹುದು. ಬಹಳ ಜನರಿಗೆ ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ತಾಯಿ ಸರಿಯಾಗಿ ಬೆಳೆಸದೆ ಬಂತು ಎನ್ನುವುದು ಸುಳ್ಳು. ನಾಗರಕಲ್ಲಿನ ಹರಕೆ ನಿಮ್ಮ ನಂಬಿಕೆ, ಅದನ್ನು ನಾನು ಹಳಿಯುವುದಿಲ್ಲ. ಅದಕ್ಕಾಗಿ ಸಾಲ ಮಾಡಿ ಆಸ್ಪತ್ರೆಯನ್ನು ಮುಂದೂಡಬೇಡಿ ಎಂದಷ್ಟೇ ಕೇಳುತ್ತೇನೆ.

ಚಿಕಿತ್ಸೆ

ಫ್ಲುಆಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆಗಳಿವೆ. ಇವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಆದರೆ ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ನಮ್ಮವರು ಹದಿನೈದು ದಿನ ನುಂಗಿ "ಕೆಲಸ ಮಾಡಲಿಲ್ಲ ಸಿಸ್ಟರ್" ಎಂದು ಬಿಟ್ಟುಬಿಡುತ್ತಾರೆ! ಗುಣ ಕಂಡ ಮೇಲೂ ಒಂದೆರಡು ವರ್ಷವಾದರೂ ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದಿದ್ದರೆ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು.

ಇನ್ನೊಂದು ಮಾತಿನ ಚಿಕಿತ್ಸೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇದರ ದಾರಿ ತೋರಿಸಿದರು. ಹೆದರುವ ವಸ್ತುವನ್ನು ಬೇಕೆಂದೇ ಮುಟ್ಟಿಸಿ, ತೊಳೆಯದೆ ಕೂರಿಸುವುದು. ಮೊದಲು ಸಣ್ಣದು, ಆಮೇಲೆ ದೊಡ್ಡದು. ದಿಗಿಲು ಏರುತ್ತದೆ, ತೊಳೆಯದಿದ್ದರೂ ತಾನಾಗಿ ಇಳಿಯುತ್ತದೆ. ಅದನ್ನು ಆಕೆಯೇ ಅನುಭವಿಸಿ ಕಲಿಯಬೇಕು. ಇದು ತರಬೇತಿ ಆದವರ ಕೆಲಸ, ಮನೆಯಲ್ಲಿ ಬಲವಂತವಾಗಿ ಮಾಡಿಸಬೇಡಿ.

ಮನೆಯವರಿಗೆ ಇರುವ ಕೆಲಸ ಬೇರೆ. ಬೈದರೆ ದಿಗಿಲು ಹೆಚ್ಚುತ್ತದೆ. ಅಯ್ಯೋ ಪಾಪ ಎಂದು ಆಕೆಯ ಪರವಾಗಿ ನೀವೇ ತೊಳೆದುಕೊಟ್ಟರೆ, ಕೇಳಿದಾಗಲೆಲ್ಲ "ಏನೂ ಆಗಲ್ಲ" ಎಂದರೆ ಗೀಳು ಬೇರು ಬಿಡುತ್ತದೆ. ನಮ್ಮ ಸದಸ್ಯೆಯ ಗಂಡನಿಗೆ ಆಸ್ಪತ್ರೆಯಲ್ಲಿ ಕಲಿಸಿದ ಮಾತು ಇದು: "ಇದು ಗೀಳು ಕೇಳಿಸ್ತಿರೋ ಪ್ರಶ್ನೆ, ಉತ್ತರ ಕೊಡಲ್ಲ. ಆದ್ರೆ ನಿನ್ ಜೊತೆ ಕೂತಿರ್ತೀನಿ." ಮೊದಲ ವಾರ ಆಕೆ ಅತ್ತಳು, ಅವನೂ ಸೋತ. ನಾಲ್ಕು ತಿಂಗಳಲ್ಲಿ ಡ್ರಮ್ಮಿನ ನೀರು ಸಂಜೆಯವರೆಗೆ ಬರತೊಡಗಿತು. ಪೂರ್ತಿ ಹೋಯಿತು ಎನ್ನಲಾರೆ, ಹಬ್ಬದ ಹೊತ್ತಿಗೆ ಈಗಲೂ ಸ್ವಲ್ಪ ಏರುತ್ತದೆ. ಆದರೆ ಸಭೆಗೆ ಬರುತ್ತಾಳೆ, ನೋಟು ಎಣಿಸಿ ಕೊಡುತ್ತಾಳೆ.

ಎಲ್ಲಿಗೆ ಹೋಗಬೇಕು? ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಗೌರಿಬಿದನೂರಿಗೆ ಯಾವ ಮಂಗಳವಾರ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ, ಹೋಗುವಾಗ ಬಿ.ಪಿ.ಎಲ್. ಕಾರ್ಡ್ ಮರೆಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗೀಳಿನಿಂದ ಸೋತು ಯಾರಾದರೂ "ಬದುಕೇ ಬೇಡ" ಎಂದರೆ ಮಂಗಳವಾರಕ್ಕೆ ಕಾಯಬೇಡಿ, ತಕ್ಷಣ ಕರೆ ಮಾಡಿ, ಅವರನ್ನು ಒಬ್ಬರೇ ಬಿಡಬೇಡಿ.

ಮುಂದಿನ ಸಭೆಯಲ್ಲಿ ಓದು ಬಂದವರು ಇದನ್ನು ಗಟ್ಟಿಯಾಗಿ ಓದಿ ಹೇಳಿ. ಯಾರ ಹೆಸರನ್ನೂ ಎತ್ತದೆ ಮಾತಾಡಿ. 14416 ಎಂಬ ನಂಬರನ್ನು ಸಂಘದ ಲೆಕ್ಕದ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಡಿ.