ಹಳೆಯ ನಿಲುಗಡೆ ಬಾಕಿ ಮತ್ತು ವಕೀಲರ ನೋಟೀಸು

ಖಾಸಗಿ ವಾಹನ ನಿಲುಗಡೆ ಸ್ಥಳದ ಮಾಲೀಕರು ಹಲವು ವರ್ಷಗಳ ಹಿಂದಿನ ಮಾಸಿಕ ಶುಲ್ಕಕ್ಕಾಗಿ ವಕೀಲರಿಂದ ನೋಟೀಸು ಕಳುಹಿಸಿದರೆ ಗಾಬರಿಪಡಬೇಕಾಗಿಲ್ಲ. ಅದು ಕೇವಲ ಬೇಡಿಕೆ, ನ್ಯಾಯಾಲಯದ ಆದೇಶವಲ್ಲ.

ಮೊದಲು ದಿನಾಂಕವನ್ನು ಗಮನಿಸಿರಿ. 1963ರ ಕಾಲಮಿತಿ ಅಧಿನಿಯಮದ ಮೇರೆಗೆ ಇಂತಹ ವಸೂಲಿಗೆ ಸಾಮಾನ್ಯವಾಗಿ ಹಣ ಸಲ್ಲಬೇಕಾದ ದಿನದಿಂದ 3 ವರ್ಷಗಳೊಳಗೆ ದಾವೆ ಹೂಡತಕ್ಕದ್ದು. ಪ್ರತಿ ತಿಂಗಳ ಬಾಕಿಗೂ ಲೆಕ್ಕ ಪ್ರತ್ಯೇಕ. ನೋಟೀಸು ಕೊಟ್ಟ ಮಾತ್ರಕ್ಕೆ ಈ ಅವಧಿ ಹೊಸದಾಗಿ ಆರಂಭವಾಗದು.

ಆದರೆ ನಿಮ್ಮ ಸಹಿಯಿಂದ ಆರಂಭವಾದೀತು. ಅವಧಿ ಮುಗಿಯುವ ಮುನ್ನ ಬಾಕಿಯನ್ನು ಒಪ್ಪಿ ಪತ್ರಕ್ಕೆ ಸಹಿ ಮಾಡಿದರೆ ಅಂದಿನಿಂದ ಮತ್ತೆ 3 ವರ್ಷಗಳ ಎಣಿಕೆ. ಅವಧಿ ಮುಗಿದ ಮೇಲೂ, ಸಲ್ಲಿಸುವೆನೆಂದು ಬರೆದು ಸಹಿ ಮಾಡಿಕೊಟ್ಟ ವಾಗ್ದಾನವು 1872ರ ಕರಾರು ಅಧಿನಿಯಮದ 25ನೆಯ ಪ್ರಕರಣದಂತೆ ಊರ್ಜಿತವಾಗುತ್ತದೆ. ‘ದಯವಿಟ್ಟು ಸ್ವಲ್ಪ ಕಾಲಾವಕಾಶ ಕೊಡಿ’ ಎಂದು ಬರೆಯುವ ನಮ್ಮವರ ಸೌಜನ್ಯವೇ ಇಲ್ಲಿ ತೊಡಕು. ಪತ್ರವು ಮರಾಠಿ ಅಥವಾ ತಮಿಳಿನಲ್ಲಿದ್ದರೆ, ಬಲ್ಲವರಿಂದ ಓದಿಸಿ ತಿಳಿಯದೆ ಸಹಿ ಮಾಡಲೇಬೇಡಿರಿ.

ನ್ಯಾಯಾಲಯದ ಸಮನ್ಸು ಬಂದಾಗ ಮಾತ್ರ ಸುಮ್ಮನಿರುವಂತಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಲಿಖಿತ ಉತ್ತರ ಸಲ್ಲಿಸಿ, ಕಾಲ ಮೀರಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ಗೈರುಹಾಜರಾದರೆ ಏಕಪಕ್ಷೀಯ ಡಿಕ್ರಿಯಾಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ನಿಗದಿತ ಮಿತಿಯೊಳಗಿನ ಆದಾಯವುಳ್ಳವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದು. ದೂರವಾಣಿ: 15100.