ಹಳಿಯಾಳದ ಪಿನ್‌ಕೋಡ್‌ನಿಂದ 2147483647ರ ತನಕ

ದಾಂಡೇಲಿ 581325, ಹಳಿಯಾಳ 581329, ಜೋಯಿಡಾ 581186, ಮುಂಡಗೋಡ 581349. ಈ ನಾಲ್ಕು ಪಿನ್‌ಕೋಡ್‌ಗಳಲ್ಲಿ ಅವಿಭಾಜ್ಯ ಸಂಖ್ಯೆ, ಅಂದರೆ ಪ್ರೈಮ್, ಯಾವುದಾದರೂ ಇದೆಯಾ?

ದಾಂಡೇಲಿಯದು 5ರಲ್ಲಿ ಮುಗಿಯುತ್ತದೆ. ಜೋಯಿಡಾದ್ದು ಸಮಸಂಖ್ಯೆ. ಮುಂಡಗೋಡದ ಅಂಕಿಗಳನ್ನು ಕೂಡಿಸಿದರೆ 30, ಹಾಗಾಗಿ 3ರಿಂದ ಭಾಗ ಹೋಗುತ್ತದೆ. ಹಳಿಯಾಳದ್ದು ಮಾತ್ರ ನೋಡೋಕೆ ಪ್ರೈಮ್ ಥರಾನೇ ಇದೆ. ಆದರೆ 581 ಅಂದರೆ 7×83, 329 ಅಂದರೆ 7×47. ಅಲ್ಲಿಗೆ 581329 = 7×83047. ನಾಲ್ಕರಲ್ಲಿ ಒಂದೂ ಪ್ರೈಮ್ ಅಲ್ಲ!

7 ಸಿಗದಿದ್ದರೂ ನಾವು 762ರ ತನಕ ಹುಡುಕಿದ್ದರೆ ಸಾಕಿತ್ತು. ಯಾಕೆಂದರೆ ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ, ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲದೊಳಗೆ ಇರಲೇಬೇಕು.

ಈಗ ದೊಡ್ಡದಕ್ಕೆ ಬರೋಣ. 2ರ 31ನೇ ಘಾತದಿಂದ 1 ಕಳೆದರೆ 2147483647. ಸಿ ಭಾಷೆಯಲ್ಲಿ 32 ಬಿಟ್‌ನ ಇಂಟ್ ಹಿಡಿಯೋ ಅತಿ ದೊಡ್ಡ ಸಂಖ್ಯೆ ಇದೇ. ಇದು ಪ್ರೈಮ್ ಅಂತ ಆಯ್ಲರ್ 1772ರಲ್ಲೇ ತಿಳಿಸಿದ್ದರು, ಕಂಪ್ಯೂಟರ್ ಇಲ್ಲದೆ. ವರ್ಗಮೂಲ 46340 ದಾಟುತ್ತದೆ. ಅಷ್ಟನ್ನೂ ಕೈಯಲ್ಲಿ ಭಾಗಿಸೋದು ಹೇಗೆ?

ಭಾಗಿಸಬೇಕಾಗಿಯೇ ಇಲ್ಲ. ಪಿ ಅನ್ನೋ ಪ್ರೈಮ್ ಇದನ್ನು ಭಾಗಿಸುತ್ತದೆ ಅಂದುಕೊಳ್ಳೋಣ. ಆಗ 2ರ 31ನೇ ಘಾತವನ್ನು ಪಿಯಿಂದ ಭಾಗಿಸಿದರೆ ಶೇಷ 1. 31 ತಾನೇ ಪ್ರೈಮ್ ಆದ್ದರಿಂದ, 31ರ ಮಗ್ಗಿಯಲ್ಲಿರುವ ಘಾತಗಳಿಗೆ ಮಾತ್ರ ಶೇಷ 1 ಬರುತ್ತದೆ. ಫರ್ಮಾ ಅವರ ಲಿಟಲ್ ಥಿಯರಮ್ ಪ್ರಕಾರ ಪಿ−1ನೇ ಘಾತಕ್ಕೂ ಶೇಷ 1. ಅಂದರೆ ಪಿ−1 ಕೂಡ 31ರ ಮಗ್ಗಿಯಲ್ಲೇ ಇರಬೇಕು. ಪಿ ಬೆಸ, ಪಿ−1 ಸಮ, ಹಾಗಾಗಿ ಅದು 62ರ ಮಗ್ಗಿಯಲ್ಲಿದೆ. ಪರೀಕ್ಷಿಸಬೇಕಾದವು 63, 125, 187, 249, 311 ಹೀಗೆ 747 ಮಾತ್ರ. ಅದರಲ್ಲೂ ಪ್ರೈಮ್ ಅಲ್ಲದವನ್ನು ಬಿಡಬಹುದು. ನಿಜವಾಗಿ ನೋಡಬೇಕಾದ ಮೊದಲನೆಯದೇ 311.

ಲ್ಯಾಬ್‌ನಲ್ಲಿ ನಾವೆಲ್ಲ ಬರೆಯೋ ಲೂಪ್‌ನ ಷರತ್ತು 'ಐ×ಐ ≤ ಎನ್'. ಎನ್ ಜಾಗದಲ್ಲಿ ಈ ಸಂಖ್ಯೆ ಹಾಕಿದರೆ ಐ 46341 ಆದಾಗ ನಿಲ್ಲಬೇಕು. ಆದರೆ ಅದರ ವರ್ಗ 2147488281, ಇಂಟ್‌ನಲ್ಲಿ ಹಿಡಿಯಲ್ಲ, ಓವರ್‌ಫ್ಲೋ ಆಗುತ್ತದೆ. ಎನ್‌ಗಿಂತ ದೊಡ್ಡ ಇಂಟ್ ಇಲ್ಲವೇ ಇಲ್ಲ, ಮತ್ತೆ ಷರತ್ತು ಸುಳ್ಳಾಗೋದು ಹೇಗೆ? 'ಐ ≤ ಎನ್÷ಐ' ಅಂತ ಬರೆದರೆ ಸಮಸ್ಯೆ ಇಲ್ಲ.

2024ರಲ್ಲಿ ಸಿಕ್ಕ ದೊಡ್ಡ ಪ್ರೈಮ್ ಕೂಡ ಇದೇ ಜಾತಿಯದು: 2ರ 136279841ನೇ ಘಾತದಿಂದ 1 ಕಳೆದದ್ದು, 41024320 ಅಂಕಿ. ಇಂಥ ಸಂಖ್ಯೆ ಹುಡುಕುವವರು ಮೊದಲ ಜರಡಿಯಾಗಿ ಬಳಸೋದು ಮೇಲಿನ ಮಗ್ಗಿಯ ಲೆಕ್ಕವನ್ನೇ. 62ರ ಬದಲು ಘಾತದ ಎರಡರಷ್ಟು. ವೇಗದ ಪ್ರೊಸೆಸರ್ ಇದ್ದವರಿಗೂ ಮೊದಲು ಬೇಕಾಗೋದು ಈ ನಾಲ್ಕು ಸಾಲಿನ ಗಣಿತ.